ಐಗಳಿಯಲ್ಲಿ ನೆರಳು ಮಾಯವಾಗುವ ಹೊತ್ತು

ಮೇ ತಿಂಗಳ 7 ಅಥವಾ 8ನೇ ತಾರೀಖು. ಗಡಿಯಾರದಲ್ಲಿ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಅಥಣಿ ತಾಲ್ಲೂಕಿನ ಐಗಳಿಯ ಬಯಲಲ್ಲಿ ಸ್ಕೌಟ್ ಹುಡುಗನೊಬ್ಬನ ಕೈಗೆ ಕೋಲು ಕೊಟ್ಟು, ಎದುರಿನ ನೀರಿನ ಟಾಕಿ ಎಷ್ಟೆತ್ತರ ಇದೆ, ನೆರಳು ಅಳೆದು ಹೇಳು ಎನ್ನಿ. ಸ್ಕೌಟ್ ಕಲಿತವರಿಗೆ ಸಲೀಸು ಕೆಲಸ ಇದು. ಕೋಲಿನ ನೆರಳು ಕೋಲಿನ ಅರ್ಧದಷ್ಟಿದ್ದರೆ ಟಾಕಿಯ ನೆರಳೂ ಟಾಕಿಯ ಅರ್ಧದಷ್ಟೇ. ನೆರಳನ್ನು ಹೆಜ್ಜೆಯಿಂದ ಅಳೆದು ಎರಡರಿಂದ ಗುಣಿಸಿದರೆ ಮುಗಿಯಿತು. ಹುಡುಗ ಕೋಲು ನೆಡುತ್ತಾನೆ. ಬಗ್ಗಿ ನೋಡುತ್ತಾನೆ. ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ. "ಸರ್, ನೆರಳs ಇಲ್ರಿ!"

ಇಲ್ಲ! ನಿಜಕ್ಕೂ ಇಲ್ಲ! ಐದು ನಿಮಿಷ ಮುಂಚೆ ಪಶ್ಚಿಮಕ್ಕೆ ಕಡ್ಡಿಯಷ್ಟು ಕಪ್ಪು ಗೆರೆ ಇತ್ತು. ಅದು ಒಳಗೊಳಗೇ ಸರಿದು ಕೋಲಿನ ಬುಡಕ್ಕೆ ಸೇರಿಕೊಂಡಿದೆ. ಟಾಕಿಯ ನೆರಳು ಟಾಕಿಯ ಕೆಳಗೇ ಅಡಗಿದೆ. ಪಕ್ಕದಲ್ಲಿ ಪಿವಿಸಿ ಪೈಪಿನ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ, ಬೆಳಕು ಒಳಗಿಂದ ಹಾದು ನೆಲದ ಮೇಲೆ ದುಂಡಗೆ ಬೀಳುತ್ತದೆ. ಐದಾರು ನಿಮಿಷ ಕಳೆಯಲಿ, ಪೈಪಿನ ಗೋಡೆಗೆ ನೆರಳು ಮೆತ್ತಗೆ ಹತ್ತುತ್ತದೆ, ಕೋಲಿನ ಗೆರೆ ಈಗ ಪೂರ್ವದ ಕಡೆ ಇಣುಕುತ್ತದೆ. ಆಟ ಮುಗಿಯಿತು!

ಕಾರಣ ಕೇಳಿದರೆ ಇನ್ನೂ ಮೈ ಜುಮ್ಮೆನ್ನುತ್ತದೆ. ಐಗಳಿ ಇರುವುದು ಸಮಭಾಜಕ ವೃತ್ತದಿಂದ ಸುಮಾರು ಹದಿನಾರೂ ಮುಕ್ಕಾಲು ಡಿಗ್ರಿ ಉತ್ತರಕ್ಕೆ. ಸೂರ್ಯ ಮಾರ್ಚ್‌ನಿಂದ ದಿನದಿನಕ್ಕೆ ಉತ್ತರಕ್ಕೆ ಸರಿಯುತ್ತ ಜೂನ್ 21ರ ಹೊತ್ತಿಗೆ ಇಪ್ಪತ್ತಮೂರೂವರೆ ಡಿಗ್ರಿವರೆಗೆ ಹೋಗಿ ಹಿಂತಿರುಗುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಐಗಳಿಯ ನೆತ್ತಿಯ ಮೇಲೆ ಕೂದಲೆಳೆಯಷ್ಟೂ ವಾಲದೆ ನಿಲ್ಲುತ್ತಾನೆ. ಬರುವಾಗಿನ ಸರದಿ ಆಗಸ್ಟ್ 5ರ ಆಸುಪಾಸು, ಆಗ ಮಳೆಮೋಡ ಮುಚ್ಚಿರುತ್ತದೆ, ಶಾಲೆಯೂ ಇರುತ್ತದೆ. ಆದ್ದರಿಂದ ನಮಗೆ ಸಿಗುವುದು ಮೇ ತಿಂಗಳಿನದು, ಅದೂ ನಟ್ಟನಡು ಬೇಸಿಗೆ ರಜೆಯಲ್ಲಿ! ಬೇಸಿಗೆ ಶಿಬಿರಕ್ಕೆ ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಏನು ಬೇಕು?

ದೆಹಲಿಯಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ರಾಷ್ಟ್ರೀಯ ಕಚೇರಿ ಇದೆ. ಅಲ್ಲಿ ಇದು ಯಾವತ್ತೂ ನಡೆಯುವುದಿಲ್ಲ. ಸೂರ್ಯ ಅಷ್ಟು ಉತ್ತರಕ್ಕೆ ಹೋಗುವುದೇ ಇಲ್ಲ. ದೆಹಲಿಯ ಮಕ್ಕಳಿಗೆ ವರ್ಷವಿಡೀ ಮಧ್ಯಾಹ್ನದ ನೆರಳು ಉಂಟು. ಲಂಡನ್ನಿನ ಮಾತಂತೂ ಬಿಡಿ. ಐಗಳಿಯ ಮಕ್ಕಳಿಗೆ ಮಾತ್ರ ಪುಕ್ಕಟೆ!

ಈಗ ಊರ ಹೊರಗಿನ ತೆರೆದ ಬಾವಿಗೆ ಬನ್ನಿ, ಅಂಚಿನಿಂದ ದೂರ ನಿಂತು, ದೊಡ್ಡವರೊಬ್ಬರ ಕೈ ಹಿಡಿದುಕೊಂಡು. ವರ್ಷವಿಡೀ ಒಂದಲ್ಲ ಒಂದು ಗೋಡೆಯ ನೆರಳಲ್ಲಿರುವ ಆಳದ ನೀರಿಗೆ ಆ ಹೊತ್ತು ಬಿಸಿಲು ನೆಟ್ಟಗೆ ಇಳಿದಿರುತ್ತದೆ. ಇಂಥದ್ದೇ ಒಂದು ಬಾವಿಯ ಕಥೆಯಿಂದ ಭೂಮಿಯ ಸುತ್ತಳತೆ ಸಿಕ್ಕಿತು! ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಈಜಿಪ್ಟಿನ ಸಯೀನ್ ಎಂಬಲ್ಲಿ ವರ್ಷಕ್ಕೊಂದು ದಿನ ಬಾವಿಯ ತಳಕ್ಕೆ ಬಿಸಿಲು ಮುಟ್ಟುತ್ತದೆ ಎಂದು ಗ್ರೀಕ್ ಪಂಡಿತ ಎರಟೊಸ್ತನೀಸ್ ಕೇಳಿದ್ದ. ಅದೇ ಮಧ್ಯಾಹ್ನ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ಕಂಬಕ್ಕೆ ನೆರಳಿತ್ತು. ವೃತ್ತದ ಐವತ್ತನೇ ಒಂದು ಭಾಗದಷ್ಟು ವಾಲಿಕೆ. ಎರಡೂರಿನ ದೂರವನ್ನು ಐವತ್ತರಿಂದ ಗುಣಿಸಿದ. ಅಷ್ಟೇ!

ನಮಗೆ ಅಲೆಕ್ಸಾಂಡ್ರಿಯಾ ಬೇಡ, ಬೆಂಗಳೂರು ಸಾಕು. ಈ ಕಡೆಯ ಎಷ್ಟೋ ಮನೆಗಳ ಅಣ್ಣನೋ, ಮಾವನೋ, ಚಿಕ್ಕಮ್ಮನೋ ಅಲ್ಲಿ ಕೆಲಸಕ್ಕಿದ್ದಾರೆ. ಫೋನ್ ಹಚ್ಚಿ. ಒಂದು ಮೀಟರ್ ಉದ್ದದ ಕೋಲನ್ನು ಮನೆಯ ಮಾಳಿಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಹನ್ನೆರಡೂಕಾಲರ ಆಸುಪಾಸು ನೆರಳು ಎಲ್ಲಕ್ಕಿಂತ ಗಿಡ್ಡ ಆದಾಗ ಅಳೆದು ಹೇಳಲು ಹೇಳಿ. ಐಗಳಿಯಲ್ಲಿ ಸೊನ್ನೆ ಇರುವ ದಿನ ಬೆಂಗಳೂರಲ್ಲಿ ಅದು ಸುಮಾರು 6.7 ಸೆಂಟಿಮೀಟರ್ ಇರಬೇಕು. ನೆರಳು ಬೀಳುವುದು ದಕ್ಷಿಣಕ್ಕೆ, ಏಕೆಂದರೆ ಬೆಂಗಳೂರಿನ ನೆತ್ತಿಯನ್ನು ಸೂರ್ಯ ಏಪ್ರಿಲ್ 24ರ ಸುಮಾರಿಗೇ ದಾಟಿ ಉತ್ತರಕ್ಕೆ ಬಂದಿದ್ದಾನೆ. ಇನ್ನು ಭೂಪಟ ಬಿಡಿಸಿ ಐಗಳಿಯಿಂದ ಬೆಂಗಳೂರಿನ ಅಕ್ಷಾಂಶಕ್ಕೆ ದಕ್ಷಿಣಕ್ಕೆ ನೆಟ್ಟಗೆ ಗೆರೆ ಎಳೆದರೆ ಸುಮಾರು 425 ಕಿಲೋಮೀಟರ್. ಬಸ್ಸಿನ ದಾರಿಯ ಲೆಕ್ಕ ಹಿಡಿಯಬೇಡಿ, ಅದು ಸುತ್ತಿಕೊಂಡು ಹೋಗುತ್ತದೆ. 6.7 ಸೆಂಟಿಮೀಟರ್ ಅಂದರೆ 0.067 ಮೀಟರ್; ಈಗ 425ನ್ನು 0.067ರಿಂದ ಭಾಗಿಸಿ. 6,343 ಬರುತ್ತದೆ. ಏನಿದು? ಭೂಮಿಯ ತ್ರಿಜ್ಯ! ವಿಜ್ಞಾನಿಗಳ ಲೆಕ್ಕ 6,371 ಕಿಲೋಮೀಟರ್. ಒಂದು ಕೋಲು, ಒಂದು ಫೋನ್ ಕರೆ, ಒಂದು ಭಾಗಾಕಾರ. ಐಗಳಿಯ ಬಯಲಲ್ಲಿ ಕೂತು ಭೂಮಿಯ ಒಡಲಿನ ನಡುವಿನವರೆಗೆ ಅಳೆದದ್ದಾಯಿತು!

(ಸುಳ್ಳು ಆಸೆ ಹುಟ್ಟಿಸಬಾರದು. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ತುದಿ ಮಸುಕಾಗಿರುತ್ತದೆ. ಒಂದು ಸೆಂಟಿಮೀಟರ್ ತಪ್ಪಿದರೆ ಭೂಮಿ ಸಾವಿರ ಕಿಲೋಮೀಟರ್ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಮೂರ್ನಾಲ್ಕು ಮನೆಗಳಲ್ಲಿ ಅಳೆಸಿ ಸರಾಸರಿ ತೆಗೆಯುವುದು ಲೇಸು.)

ನನ್ನನ್ನು ಎಲ್ಲಕ್ಕಿಂತ ದಂಗುಬಡಿಸಿದ್ದು ಮಾತ್ರ ಬೇರೆ. ಸ್ಕೌಟ್ ಪುಸ್ತಕಗಳಲ್ಲಿ ದಿಕ್ಕು ಹುಡುಕುವ ಒಂದು ಹೆಸರಾಂತ ಉಪಾಯವಿದೆ. ಕೈಗಡಿಯಾರದ ಗಂಟೆಯ ಮುಳ್ಳನ್ನು ಸೂರ್ಯನತ್ತ ಹಿಡಿಯಿರಿ, ಆ ಮುಳ್ಳಿಗೂ ಹನ್ನೆರಡಕ್ಕೂ ನಡುವಿನ ದಿಕ್ಕು ದಕ್ಷಿಣ. ಇಂಗ್ಲೆಂಡಿನಲ್ಲಿ ಇದು ಹೆಚ್ಚುಕಡಿಮೆ ನಡೆಯುತ್ತದೆ, ಅಲ್ಲಿ ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಮೇ ನಡುವಿನ ಒಂದು ಬೆಳಗ್ಗೆ ಹತ್ತು ಗಂಟೆಗೆ ಐಗಳಿಯಲ್ಲಿ ಮಾಡಿ ನೋಡಿ. ಸೂರ್ಯ ಪೂರ್ವದಲ್ಲಿ, ಅದೂ ತುಸು ಉತ್ತರಕ್ಕೆ ಇದ್ದಾನೆ. ಗಡಿಯಾರ "ದಕ್ಷಿಣ" ಎಂದು ತೋರಿಸುವುದು ಬಹುತೇಕ ಪೂರ್ವವನ್ನೇ! ಸುಮಾರು 70 ಡಿಗ್ರಿ ತಪ್ಪು! ದಕ್ಷಿಣದ ಜಮಖಂಡಿಗೆ ಹೊರಟ ದಳ ಸೀದಾ ವಿಜಯಪುರದ ದಾರಿ ಹಿಡಿಯುತ್ತದೆ. ಪುಸ್ತಕದಲ್ಲಿ ಬರೆದದ್ದೆಲ್ಲ ನಮ್ಮ ಬಿಸಿಲಿಗೆ ಒಪ್ಪುವುದಿಲ್ಲ ಎಂದು ಹನ್ನೊಂದು ವರ್ಷದ ಗೈಡ್ ಹುಡುಗಿ ತಾನೇ ಕಂಡುಹಿಡಿದರೆ, ಒಂದು ಬ್ಯಾಡ್ಜಿಗಿಂತ ಅದು ಹೆಚ್ಚು ಬೆಲೆಯದು ಎಂದು ನಾನಂತೂ ಹೇಳುತ್ತೇನೆ. ದಾರಿ ತೋರುವುದು ಮತ್ತೆ ಆ ಕೋಲೇ. ಮಧ್ಯಾಹ್ನದ ಆಸುಪಾಸು ನೆರಳಿನ ತುದಿಗೆ ಒಂದು ಹರಳು ಇಡಿ, ಕಾಲು ಗಂಟೆ ಬಿಟ್ಟು ಇನ್ನೊಂದು ಇಡಿ. ಮೊದಲ ಹರಳು ಪಶ್ಚಿಮ, ಎರಡನೆಯದು ಪೂರ್ವ.

ಈ ಕೋಲು ಹಿಡಿದ ಮಕ್ಕಳ ಚರಿತ್ರೆಯೂ ನಮ್ಮ ನೆಲದಲ್ಲಿ ಆಳಕ್ಕೆ ಹೋಗುತ್ತದೆ. ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ 1907ರ ಆಗಸ್ಟಿನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಹಾಕಿದ್ದು. ಎರಡೇ ವರ್ಷಕ್ಕೆ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು ಎಲ್ಲಿ? ಬೆಂಗಳೂರಲ್ಲಿ! ಕಟ್ಟಿದವರು ಕ್ಯಾಪ್ಟನ್ ಬೇಕರ್. ಆಗ ಅದರೊಳಗೆ ಭಾರತೀಯ ಮಕ್ಕಳಿಗೆ ಜಾಗವಿರಲಿಲ್ಲ. 1916ರಲ್ಲಿ ಆನಿ ಬೆಸೆಂಟ್ ಮದರಾಸಿನಲ್ಲಿ ನಮ್ಮ ಮಕ್ಕಳಿಗೆಂದೇ ಬೇರೆ ಸಂಘ ಕಟ್ಟಿದರು. ನಮ್ಮ ಉತ್ತರ ಕರ್ನಾಟಕಕ್ಕೆ ಇನ್ನೂ ಹತ್ತಿರದ ಹೆಸರು ಡಾ. ನಾ. ಸು. ಹರ್ಡೀಕರ್. ಅವರು 1923ರಲ್ಲಿ ಶುರು ಮಾಡಿದ ಸೇವಾದಳ ಸ್ಕೌಟ್ ಅಲ್ಲ, ಆದರೆ ಸಮವಸ್ತ್ರ, ಕವಾಯತು, ಶಿಬಿರ, ಸೇವೆ ಎಲ್ಲ ಇತ್ತು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರು ದುಡಿದ ಪರಿಗೆ ಈ ಜಿಲ್ಲೆಯೇ ಸಾಕ್ಷಿ. 1950ರ ನವೆಂಬರ್ 7ರಂದು ಬೇರೆಬೇರೆ ಸ್ಕೌಟ್ ಸಂಘಗಳು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂದು ಒಂದಾದವು, ಮರುವರ್ಷ ಗೈಡ್‌ಗಳೂ ಬಂದು ಸೇರಿದರು. ಇವತ್ತು ದೊಡ್ಡಬಳ್ಳಾಪುರದಲ್ಲಿ, ಹರಿಹರ ಸೀಮೆಯ ಕೊಂಡಜ್ಜಿಯ ಕೆರೆ ಪಕ್ಕದಲ್ಲಿ ತರಬೇತಿ ಕೇಂದ್ರಗಳಿವೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯೇ ನೆರೆಯಿತು. ಕಬ್, ಬುಲ್‌ಬುಲ್‌ನಿಂದ ಹಿಡಿದು ಪ್ರಥಮ, ದ್ವಿತೀಯ, ತೃತೀಯ ಸೋಪಾನ ಹತ್ತಿ ರಾಜ್ಯ ಪುರಸ್ಕಾರಕ್ಕೆ, ಅಲ್ಲಿಂದ ರಾಷ್ಟ್ರಪತಿ ಪುರಸ್ಕಾರಕ್ಕೆ ದಾರಿ ಇದೆ. ಅದೆಲ್ಲ ಸರಿ. ನಾವು ಐಗಳಿಗೆ ಮರಳೋಣ.

ಇಲ್ಲಿ ಬೇಸಿಗೆ ಅಂದರೆ ದ್ರಾಕ್ಷಿ ಒಣಗುವ ಕಾಲ. ಐಗಳಿ, ತೆಲಸಂಗ, ಕೊಕಟನೂರು ಕಡೆ ರಸ್ತೆಯಿಂದಲೇ ಕಾಣುವ ಉದ್ದುದ್ದ ಶೆಡ್ಡುಗಳಲ್ಲಿ ಬಲೆಯ ಅಂತಸ್ತಿನ ಮೇಲೆ ಅಂತಸ್ತು, ಪ್ರತಿ ಅಂತಸ್ತಿಗೂ ಹಸಿರು ಗೊಂಚಲು. ಸ್ಕೌಟ್ ಪಾಠದ "ಅಂದಾಜು" ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ತೋರಿಸಿ ನೋಡೋಣ! ಒಂದು ಚದರ ಅಡಿಯಲ್ಲಿರುವ ಹಣ್ಣನ್ನು ತೂಗಿ, ಬಲೆಯ ಉದ್ದ ಅಗಲ ಹೆಜ್ಜೆಯಿಂದ ಅಳೆದು, ಅಂತಸ್ತುಗಳಿಂದ ಗುಣಿಸಿ, ಇಡೀ ಶೆಡ್ಡಿನಲ್ಲಿ ಎಷ್ಟು ಕ್ವಿಂಟಲ್ ಇದೆ ಹೇಳಬೇಕು. ರೈತ ನಕ್ಕು ನಿಜವಾದ ಲೆಕ್ಕ ಹೇಳುತ್ತಾನೆ. ಮುಂದಿನ ಪ್ರಶ್ನೆ: ಒಣಗಿದ ಮೇಲೆ ಉಳಿಯುವುದೆಷ್ಟು? ನಾಲ್ಕು ಕಿಲೋ ಹಸಿ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ! ಉಳಿದ ಮೂರು ಕಿಲೋ ನೀರು ಎರಡು ವಾರದಲ್ಲಿ ಗಾಳಿಗೆ ಹೋಗಿದೆ, ಬಿಸಿಲು ತಾಗದಂತೆ, ಬರೀ ನೆರಳಲ್ಲಿ. ಗುಟ್ಟು ಇರುವುದು ಹಣ್ಣಿನ ಸಿಪ್ಪೆಯ ಮೇಲಿನ ಬಿಳಿ ಮೇಣದಲ್ಲಿ. ಬೆರಳಿನಿಂದ ಒರೆಸಿದರೆ ಹೋಗುವ ಆ ಬೂದಿಬಣ್ಣವೇ ಹಣ್ಣಿನ ರೇನ್‌ಕೋಟು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಕೆಲ ನಿಮಿಷ ಅದ್ದಿದರೆ ಮೇಣದ ಪದರ ಸಡಿಲಾಗಿ ನೀರು ಹೊರಬರಲು ದಾರಿಯಾಗುತ್ತದೆ. ಅದ್ದದ ಒಂದು ಗೊಂಚಲನ್ನು ಪಕ್ಕದಲ್ಲೇ ತೂಗಿಹಾಕಿ, ದಿನಾ ಎರಡನ್ನೂ ತೂಕ ಮಾಡಿ ಬರೆದಿಡುವ ದಳವೊಂದನ್ನು ಕಲ್ಪಿಸಿಕೊಳ್ಳಿ!

ಮಧ್ಯಾಹ್ನ ಕಾಲಿಡಲಾಗದ ಬಿಸಿಲಿಗೆ ಬೇವಿನ ಕೆಳಗೆ ಕಿಮ್ ಆಟ. ಕಿಪ್ಲಿಂಗ್‌ನ 1901ರ ಕಾದಂಬರಿಯಲ್ಲಿ ಶಿಮ್ಲಾದ ಅಂಗಡಿಯೊಂದರಲ್ಲಿ ಹುಡುಗನಿಗೆ ಹರಳುಗಳನ್ನು ತೋರಿಸಿ, ಮುಚ್ಚಿ, ಏನೇನಿತ್ತು ಎಂದು ಕೇಳುವ ಆಟ ಅದು. ಬೇಡನ್ ಪೊವೆಲ್ ಅದನ್ನು ಎತ್ತಿಕೊಂಡು ಸ್ಕೌಟ್‌ಗೆ ಹಾಕಿದರು. ಇಪ್ಪತ್ತನಾಲ್ಕು ವಸ್ತು, ಒಂದು ನಿಮಿಷ. ನಮ್ಮ ತಟ್ಟೆಗೆ ಹರಳು ಯಾಕೆ? ಕುರ್ಪಿ, ದ್ರಾಕ್ಷಿ ಕತ್ತರಿ, ಅಥಣಿ ಚಪ್ಪಲಿ ಹೊಲಿಯುವ ಅರಿ, ಜೋಳದ ತೆನೆಯ ಚೂರು, ಡ್ರಿಪ್ ಪೈಪಿನ ತುಂಡು, ಬಸ್ ಟಿಕೆಟ್ಟು. ಟಿಕೆಟ್ಟಿನ ಮೇಲೆ ಯಾವ ಊರು ಇತ್ತು ಎಂದು ಕೇಳಿದಾಗ ಮುಖಗಳನ್ನು ನೋಡಬೇಕು!

ಇನ್ನು ರಾತ್ರಿ. ಮೇ ನಡುವಿನ ಹೊತ್ತು, ಚಂದ್ರನಿಲ್ಲದ ರಾತ್ರಿ, ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಉತ್ತರಕ್ಕೆ ಮುಖಮಾಡಿ. ಸಪ್ತರ್ಷಿಗಳು ಎತ್ತರದಲ್ಲಿ ಹರಡಿದ್ದಾರೆ. ವಸಿಷ್ಠನ ಮಗ್ಗುಲಲ್ಲಿ, ಮದುವೆಯಲ್ಲಿ ಮದುಮಕ್ಕಳಿಗೆ ತೋರಿಸುವ ಅರುಂಧತಿ. ತುದಿಯ ಎರಡು ನಕ್ಷತ್ರಗಳ ಗೆರೆಯನ್ನು ಐದು ಪಟ್ಟು ಕೆಳಕ್ಕೆ ಎಳೆದರೆ ಧ್ರುವ. ಕೈ ಪೂರ್ತಿ ಚಾಚಿ ದಿಗಂತದ ಮೇಲೆ ಒಂದು ಮುಷ್ಟಿ ಇಡಿ, ಅದರ ಮೇಲೆ ನಾಲ್ಕು ಬೆರಳು. ಅಷ್ಟೆತ್ತರ, ಸುಮಾರು ಹದಿನೇಳು ಡಿಗ್ರಿ. ನಿಲ್ಲಿ, ಈ ಸಂಖ್ಯೆ ಎಲ್ಲೋ ಕೇಳಿದಂತಿದೆ! ಹೌದು, ಹಗಲು ನೆರಳನ್ನು ನುಂಗಿದ ಐಗಳಿಯ ಅದೇ ಅಕ್ಷಾಂಶ! ಧ್ರುವನ ಎತ್ತರ ಯಾವತ್ತೂ ಹೆಚ್ಚುಕಡಿಮೆ ನೀವು ನಿಂತ ಊರಿನ ಅಕ್ಷಾಂಶದಷ್ಟೇ. ಸೂರ್ಯನೂ ಧ್ರುವನೂ ಒಂದೇ ಮಾತು ಹೇಳುತ್ತಿದ್ದಾರೆ!

ಈಗ ಹಿಂದಕ್ಕೆ ತಿರುಗಿ. ದಕ್ಷಿಣ ದಿಗಂತದಿಂದ ಒಂದು ಮುಷ್ಟಿ ಮೇಲೆ, ಗಾಳಿಪಟದ ಆಕಾರದ ನಾಲ್ಕು ನಕ್ಷತ್ರ, ನೆಟ್ಟಗೆ ನಿಂತಿವೆ. ಎಡಗಡೆ ಎರಡು ದೊಡ್ಡ ನಕ್ಷತ್ರಗಳು ಅದರತ್ತ ಬೆರಳು ತೋರುತ್ತಿವೆ. ತ್ರಿಶಂಕು! ವಿಶ್ವಾಮಿತ್ರ ಸ್ವರ್ಗಕ್ಕೂ ಭೂಮಿಗೂ ನಡುವೆ ನಿಲ್ಲಿಸಿದ ರಾಜ! ಲಂಡನ್ನಿನವರಿಗೆ ಇದು ಹುಟ್ಟುವುದೇ ಇಲ್ಲ. ಬೇಡನ್ ಪೊವೆಲ್ ಮುತ್ತಿಗೆಯಲ್ಲಿ ಸಿಲುಕಿದ್ದ ದಕ್ಷಿಣ ಆಫ್ರಿಕಾದ ಮಾಫೆಕಿಂಗ್‌ನಲ್ಲಿ ತ್ರಿಶಂಕು ಇದೆ, ಧ್ರುವ ಇಲ್ಲ. ಅವರು 1876ರಲ್ಲಿ ತರುಣ ಸೇನಾಧಿಕಾರಿಯಾಗಿ ಬಂದಿಳಿದ ಲಖನೌದಲ್ಲಿ ತ್ರಿಶಂಕುವಿನ ಕಾಲು ನೆಲಕ್ಕೇ ತಾಗುತ್ತದೆ. ಐಗಳಿಯ ಹೊಲದ ಬದುವಿನಲ್ಲಿ ನಿಂತ ಮಗು ಮಾತ್ರ ಕತ್ತು ತಿರುಗಿಸುವಷ್ಟರಲ್ಲಿ ಎರಡನ್ನೂ ನೋಡುತ್ತದೆ!

ಶಿಬಿರ ನಡೆಸುವ ಮಾಸ್ತರರು, ಅಕ್ಕೋರು ಗಮನಿಸಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿರಿ, ಹತ್ತಿರದ ಶೆಡ್ಡಿನ ದೀಪ ಅರ್ಧ ಗಂಟೆ ಆರಿಸಲು ಮೊದಲೇ ಹೇಳಿಡಿ, ದಕ್ಷಿಣಕ್ಕೆ ಗಿಡಮರ ಅಡ್ಡವಿರದ ಬಯಲನ್ನು ಹಗಲೇ ಗೊತ್ತುಮಾಡಿ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಬರುತ್ತವೆ. ಮೇ ಮೊದಲ ವಾರ ಹತ್ತು ಗಂಟೆಯವರೆಗೆ ಕಾಯಬೇಕು. ತಿಂಗಳ ಕೊನೆಗೆ, ಶಾಲೆ ಶುರುವಾಗುವ ಮುಂಚಿನ ದಿನಗಳಲ್ಲಿ, ಎಂಟೂ ಇಪ್ಪತ್ತಕ್ಕೆಲ್ಲ ತ್ರಿಶಂಕು ನೆಟ್ಟಗೆ ನಿಂತಿರುತ್ತದೆ. ಮುಂಗಾರು ಪೂರ್ವದ ಮೋಡ ಅಡ್ಡ ಬರದಿದ್ದರೆ ಕಬ್ ವಯಸ್ಸಿನ ಚಿಕ್ಕ ಮಕ್ಕಳೂ ನೋಡಿ, ಊಟ ಮಾಡಿ, ಹೊತ್ತಿಗೆ ಸರಿಯಾಗಿ ಮಲಗಬಹುದು.