ಲ್ಯಾಪ್‌ಟಾಪ್ ಸ್ಕ್ರೀನ್ ಬ್ಲಿಂಕ್ ಆಗುತ್ತಿದ್ದರೆ ಡಿಸ್‌ಪ್ಲೇ ಬದಲಿಸಲೇಬೇಕೇ?

"ಲ್ಯಾಪ್‌ಟಾಪ್ ಸ್ಕ್ರೀನ್ ಬ್ಲಿಂಕ್ ಆಗೋಕೆ ಶುರುವಾದ್ರೆ ಡಿಸ್‌ಪ್ಲೇ ಹೋಯ್ತು ಅಂತಾನೇ ಅರ್ಥ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಪೂರ್ತಿ ನಿಜವಲ್ಲ. ಎಷ್ಟೋ ಬಾರಿ ದೋಷ ಇರುವುದು ಸ್ಕ್ರೀನ್‌ನಲ್ಲಲ್ಲ, ಗ್ರಾಫಿಕ್ಸ್ ಡ್ರೈವರ್‌ನಲ್ಲಿ. ಅದನ್ನು ಸರಿಪಡಿಸಲು ದುಡ್ಡು ಬೇಕಿಲ್ಲ. ಹಾಗಾಗಿ ಹೊಸ ಡಿಸ್‌ಪ್ಲೇಗೆ ಸಾವಿರಾರು ರೂಪಾಯಿ ಕೊಡುವ ಮುನ್ನ ಐದು ನಿಮಿಷ ಪರೀಕ್ಷಿಸಿ.

ಡ್ರೈವರ್ ಎಂದರೇನು?

ವಿಂಡೋಸ್ ಮತ್ತು ಗ್ರಾಫಿಕ್ಸ್ ಚಿಪ್ ನಡುವೆ ದುಭಾಷಿಯಂತೆ ಕೆಲಸ ಮಾಡುವ ಸಾಫ್ಟ್‌ವೇರ್ ಇದು. ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್ ಸೆಕೆಂಡಿಗೆ 60 ಬಾರಿ ಹೊಸದಾಗಿ ಮೂಡುತ್ತದೆ. ಡ್ರೈವರ್ ಹಳೆಯದಾಗಿದ್ದರೆ ಅಥವಾ ಅಪ್‌ಡೇಟ್ ನಂತರ ಹೊಂದಿಕೆಯಾಗದಿದ್ದರೆ ಈ ಕೆಲಸ ತಪ್ಪಿ, ಚಿತ್ರ ಮಿಣುಕುತ್ತದೆ.

ಪತ್ತೆ ಹಚ್ಚುವುದು ಹೇಗೆ?

1. ಲ್ಯಾಪ್‌ಟಾಪ್ ಆನ್ ಮಾಡಿದಾಗ ಮೊದಲು ಬರುವ ಕಂಪನಿ ಲೋಗೊ ಗಮನಿಸಿ. ಆಗ ವಿಂಡೋಸ್‌ನ ಡ್ರೈವರ್ ಇನ್ನೂ ಶುರುವಾಗಿರುವುದಿಲ್ಲ. ಅಲ್ಲೇ ಬ್ಲಿಂಕ್ ಆದರೆ ಅಥವಾ ಸ್ಕ್ರೀನ್ ಹಿಂದೆ ಮುಂದೆ ಬಾಗಿಸಿದಾಗ ಹೆಚ್ಚಾದರೆ ಕೇಬಲ್ ಇಲ್ಲವೇ ಡಿಸ್‌ಪ್ಲೇ ಮೇಲೆ ಅನುಮಾನ. ರಿಪೇರಿ ಅಂಗಡಿಗೆ ಹೋಗಬೇಕು.

2. ವಿಂಡೋಸ್ ತೆರೆದ ಮೇಲಷ್ಟೇ ಬ್ಲಿಂಕ್ ಆಗುತ್ತಿದೆಯೇ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದೂ ಸೇರಿ ಇಡೀ ಸ್ಕ್ರೀನ್ ಮಿಣುಕಿದರೆ ಬಹುತೇಕ ಡ್ರೈವರ್ ಸಮಸ್ಯೆ. ಟಾಸ್ಕ್ ಮ್ಯಾನೇಜರ್ ಮಾತ್ರ ಸ್ಥಿರವಾಗಿದ್ದು ಉಳಿದದ್ದು ಮಿಣುಕಿದರೆ ಯಾವುದೋ ಆ್ಯಪ್ ಕಾರಣ. ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಹೇಳುವುದೂ ಇದೇ ಪರೀಕ್ಷೆ.

ಸರಿಪಡಿಸುವುದು ಹೇಗೆ?

ಆ್ಯಪ್ ಕಾರಣವಾಗಿದ್ದರೆ ಇತ್ತೀಚೆಗೆ ಹಾಕಿಕೊಂಡ ಆ್ಯಪ್ ಅನ್ನು ಅಪ್‌ಡೇಟ್ ಮಾಡಿ ಅಥವಾ ತೆಗೆದುಹಾಕಿ.

ಡ್ರೈವರ್ ಆಗಿದ್ದರೆ ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆ 'ಬಿ' ಒತ್ತಿ. ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಡ್ರೈವರ್ ಮತ್ತೆ ಶುರುವಾಗುತ್ತದೆ. ಇದು ತಾತ್ಕಾಲಿಕ ಪರಿಹಾರವಷ್ಟೇ.

ಮತ್ತೆ ಶುರುವಾದರೆ, ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಅಡಿಯಲ್ಲಿರುವ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ, 'ಡ್ರೈವರ್' ಟ್ಯಾಬ್‌ಗೆ ಹೋಗಿ. ಅಪ್‌ಡೇಟ್ ಆದ ಮೇಲೆ ತೊಂದರೆ ಬಂದಿದ್ದರೆ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ಹಳೆಯ ಡ್ರೈವರ್ ಮರಳುತ್ತದೆ. ಆ ಬಟನ್ ಮಸುಕಾಗಿದ್ದರೆ, ಲ್ಯಾಪ್‌ಟಾಪ್ ಕಂಪನಿಯ ಅಧಿಕೃತ ವೆಬ್‌ಸೈಟ್‌ನಲ್ಲಿ ನಿಮ್ಮ ಮಾಡೆಲ್ ಹುಡುಕಿ, ಅದರ ಗ್ರಾಫಿಕ್ಸ್ ಡ್ರೈವರ್ ಡೌನ್‌ಲೋಡ್ ಮಾಡಿ ಹಾಕಿ. ಇದರಿಂದ ನಿಮ್ಮ ಫೋಟೊ, ಫೈಲ್‌ಗಳು ಅಳಿಸಿಹೋಗುವುದಿಲ್ಲ.

ಇದನ್ನು ಮಾಡಬೇಡಿ

"ವೈರಸ್ ಬಂದಿದೆ, ಈ ನಂಬರ್‌ಗೆ ಕರೆ ಮಾಡಿ" ಎಂಬ ಪಾಪ್‌ಅಪ್ ನಂಬಬೇಡಿ. ಜಾಹೀರಾತಿನಲ್ಲಿ ಬರುವ 'ಡ್ರೈವರ್ ಅಪ್‌ಡೇಟರ್'ಗಳಿಗೆ ಹಣ ಕಟ್ಟಬೇಡಿ. ಅಂಗಡಿಯಲ್ಲಿ "ಡಿಸ್‌ಪ್ಲೇ ಹೋಗಿದೆ" ಎಂದರೆ, ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿ ಎಂದು ಕೇಳಿ. ಕೇಳುವುದಕ್ಕೆ ಖರ್ಚಿಲ್ಲ.