ಎದೆಯ ಮೇಲೊಂದು ರಬ್ಬರ್ ಬಟ್ಟಲು

ಬಚ್ಚಲು ಕಟ್ಟಿಕೊಂಡಾಗ ಒತ್ತಿ ಎತ್ತುವ ಸಾಧನವನ್ನು ನೀವು ನೋಡಿಯೇ ಇರುತ್ತೀರಿ: ಮರದ ಹಿಡಿ, ತುದಿಗೊಂದು ರಬ್ಬರ್ ಬಟ್ಟಲು. ಮನೆಯಲ್ಲಿ ನೆಂಟರ ಕಣ್ಣಿಗೆ ಬೀಳದ ಮೂಲೆಯೇ ಅದರ ಜಾಗ. 1980ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬರ ಹೃದಯ ಮನೆಯಲ್ಲೇ ನಿಂತುಹೋದಾಗ ಅವರ ಮಗ ಇದನ್ನೇ ತಂದು ಅಪ್ಪನ ಎದೆಗೆ ಒತ್ತಿದ, ಎಳೆದ, ಮತ್ತೆ ಒತ್ತಿದ, ಮತ್ತೆ ಎಳೆದ. ಅಪ್ಪ ಬದುಕಿದರು. ಹೃದಯ ವಿಭಾಗದಲ್ಲಿ ಪ್ರತಿ ಹಾಸಿಗೆಯ ಪಕ್ಕ ಇಂಥದ್ದೊಂದು ಇಟ್ಟುಕೊಳ್ಳಿ ಎಂದು ಮಗ ಡಾಕ್ಟರಿಗೇ ಸಲಹೆ ಕೊಟ್ಟನಂತೆ. ಡಾ. ಕೀತ್ ಲೂರಿ ಮತ್ತು ಸಂಗಡಿಗರು 1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ಪ್ರಸಂಗವನ್ನು ಬರೆದರು. ನಿಂತ ಹೃದಯಕ್ಕೆ ಎದೆ ಒತ್ತಿ ಚಿಕಿತ್ಸೆ ಕೊಡುವ ಸಿಪಿಆರ್‌ನ 'ಪಿ' ಎಂದರೆ ಪ್ಲಂಬರನ ಸಾಧನ ಎಂಬ ತಮಾಷೆಯನ್ನು ತಲೆಬರಹದಲ್ಲೇ ಇಟ್ಟರು.

ಒತ್ತಿದ್ದರಿಂದ ಬದುಕಿದರು ಎಂದು ಯಾರಿಗಾದರೂ ಹೊಳೆಯುತ್ತದೆ. ಲೂರಿಯವರು ಬೆನ್ನು ಹತ್ತಿದ್ದು ಎಳೆದದ್ದನ್ನು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಪತ್ರಿಕೆಗಳಲ್ಲಿ ಎಲ್ಲವೂ 'ಹೃದಯಾಘಾತ'ವೇ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ರೋಗಿ ಎದೆ ಹಿಡಿದುಕೊಂಡು, ಬೆವರುತ್ತ, ಮಾತಾಡುತ್ತಲೇ ಆಸ್ಪತ್ರೆಗೆ ಬರಬಹುದು. ಹೃದಯ ಸ್ತಂಭನವೆಂದರೆ ಪಂಪೇ ನಿಂತಂತೆ. ಮೊದಲನೆಯದು ಎರಡನೆಯದಕ್ಕೆ ಎಡೆ ಮಾಡಬಹುದು, ಆದರೆ ಎರಡೂ ಬೇರೆ. ಸ್ತಂಭನವಾದಾಗ ಹಲವರಲ್ಲಿ ಹೃದಯ ಪೂರ್ತಿ ಸುಮ್ಮನಾಗಿರುವುದಿಲ್ಲ, ಗಾಳಿಗೆ ಸಿಕ್ಕ ಅರಳಿ ಎಲೆಯಂತೆ ಅದುರುತ್ತಿರುತ್ತದೆ. ಅದುರುವ ಹೃದಯ ರಕ್ತ ದಬ್ಬಲಾರದು. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಕೆಲವು ನಿಮಿಷ ಕಳೆದರೆ ಮಿದುಳು ಕೆಡತೊಡಗುತ್ತದೆ.

1960ಕ್ಕೆ ಮುಂಚೆ ಇದಕ್ಕಿದ್ದ ಉಪಾಯ ಎದೆ ಕೊಯ್ದು, ಕೈ ಒಳಗಿಟ್ಟು, ಹೃದಯವನ್ನೇ ಹಿಂಡುವುದು. ಕೊಯ್ಯದೆಯೇ ಕೆಲಸ ಆಗುತ್ತದೆಂದು ತೋರಿಸಿದ ತಂಡದ ಹಿರಿಯರು ಡಾಕ್ಟರಾಗಿರಲಿಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದರು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವನ್. ಕರೆಂಟು ಹೊಡೆದು ಸಾಯುವ ಲೈನ್‌ಮನ್‌ಗಳನ್ನು ಉಳಿಸುವ ದಾರಿ ಹುಡುಕುತ್ತ ಅವರು ಹೃದಯದ ಕಡೆಗೆ ಬಂದವರು. ಅದುರುವ ಹೃದಯಕ್ಕೆ ಶಾಕ್ ಕೊಟ್ಟು ಹಳಿಗೆ ತರುವ ಡಿಫಿಬ್ರಿಲೇಟರನ್ನು ನಾಯಿಗಳ ಮೇಲೆ ಪರೀಕ್ಷಿಸುತ್ತಿದ್ದಾಗ ಅವರ ಜೊತೆಗಿದ್ದ ತರುಣ ಗೈ ನಿಕರ್‌ಬಾಕರ್ ಒಂದು ವಿಚಿತ್ರ ಗಮನಿಸಿದರು. ಭಾರದ ಪ್ಯಾಡಲ್‌ಗಳನ್ನು ಎದೆಗೆ ಒತ್ತಿ ಹಿಡಿದರೆ ಸಾಕು, ಶಾಕ್ ಕೊಡುವ ಮೊದಲೇ, ರಕ್ತದೊತ್ತಡದ ಗೆರೆ ಒಮ್ಮೆ ಮೇಲೇರುತ್ತಿತ್ತು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಸೇರಿಕೊಂಡರು. 1960ರ ಜುಲೈನಲ್ಲಿ ಮೂವರೂ ಪ್ರಕಟಿಸಿದ ಲೇಖನದಲ್ಲಿ 20 ರೋಗಿಗಳಿದ್ದರು, 14 ಮಂದಿ ಬದುಕಿದ್ದರು. ಎರಡು ಕೈ ಇದ್ದರೆ ಸಾಕು, ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಬಹುದು ಎಂಬ ಧಾಟಿಯಲ್ಲಿ ಅವರು ಬರೆದರು. ಆಸ್ಪತ್ರೆಯೊಳಗೆ ಹೃದಯ ನಿಂತವರ ಪಟ್ಟಿ ಅದು ಎನ್ನುವುದನ್ನು ಮರೆಯಬಾರದು. ಬೀದಿಯಲ್ಲಿ ಕುಸಿದವರ ಲೆಕ್ಕ ಇಷ್ಟು ಉದಾರವಾಗಿ ಬರುವುದಿಲ್ಲ.

ಎರಡು ಕೈಗೆ ಏನು ಕಷ್ಟ ಎಂದು ನನಗೆ ಗೊತ್ತಾದದ್ದು ಒಂದು ತರಬೇತಿಯಲ್ಲಿ, ನೆಲದ ಮೇಲೆ ಮಲಗಿಸಿದ ಪ್ಲಾಸ್ಟಿಕ್ ಬೊಂಬೆಯ ಮುಂದೆ ಮಂಡಿಯೂರಿದಾಗ. ಎದೆಯ ನಡುಮೂಳೆಯ ಕೆಳ ಅರ್ಧಕ್ಕೆ ಅಂಗೈ ಇಟ್ಟು, ಮೊಣಕೈ ಮಡಿಸದೆ, ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂ.ಮೀ. ಆಳಕ್ಕೆ ಒತ್ತಬೇಕು. ಸರಿಯಾಗಿ ಒತ್ತಿದರೆ ಬೊಂಬೆ ಟಕ್ ಎನ್ನುತ್ತದೆ. ಮೊದಲ ಮೂವತ್ತು ಟಕ್ ಜೋರಾಗಿಯೇ ಬಂದವು. ಒಂದೂವರೆ ನಿಮಿಷಕ್ಕೆ ಶರ್ಟು ಬೆನ್ನಿಗೆ ಅಂಟಿತ್ತು. ನಾನು ಒತ್ತುತ್ತಲೇ ಇದ್ದೇನೆ ಎಂದುಕೊಂಡಿದ್ದೆ, ಬೊಂಬೆ ಮಾತ್ರ ಸುಮ್ಮನಾಗಿತ್ತು. ಕಲಿಸುತ್ತಿದ್ದ ಸಿಸ್ಟರ್ ಬಗ್ಗಿ ನೋಡಿ, "ಸರ್, ಮೈಭಾರ ಎದೆ ಮೇಲೇ ಬಿಟ್ಟಿದ್ದೀರಿ. ಬರೀ ಒತ್ತಿದರೆ ಆಗಲಿಲ್ಲ, ಬಿಡಬೇಕು" ಎಂದರು.

ದಣಿದವರೆಲ್ಲ ಮಾಡುವ ತಪ್ಪು ಇದೇ. ಕಮ್ಮಾರನ ಕುಲುಮೆಯ ತಿದಿಯನ್ನು ನೆನಪಿಸಿಕೊಳ್ಳಿ. ಒತ್ತಿದಾಗ ಗಾಳಿ ನುಗ್ಗುತ್ತದೆ ನಿಜ, ಆದರೆ ತಿದಿ ಪೂರ್ತಿ ಬಿಚ್ಚಿಕೊಳ್ಳದಿದ್ದರೆ ಮುಂದಿನ ಒತ್ತಿಗೆ ಒಳಗೆ ಏನಿರುತ್ತದೆ? ಎದೆಯೂ ಹಾಗೆ. ಅದು ಮೇಲೆದ್ದಾಗ ಒಳಗಿನ ಒತ್ತಡ ಇಳಿದು, ರಕ್ತ ದೇಹದಿಂದ ಹೃದಯಕ್ಕೆ ಮರಳುತ್ತದೆ. ಇನ್ನೊಂದು ಗುಟ್ಟೂ ಇದೆ: ಹೃದಯದ ಸ್ನಾಯು ತನ್ನ ಪಾಲಿನ ರಕ್ತ ಪಡೆಯುವುದು ಬಹುಪಾಲು ಎದೆ ಏಳುವ ಕ್ಷಣದಲ್ಲೇ. ಒತ್ತುವಾಗ ಮಿದುಳಿಗೆ ಬಡಿಸಿ, ಬಿಡುವಾಗ ತಾನು ಉಣ್ಣುತ್ತದೆ ಎನ್ನಬಹುದು. ಪ್ಲಂಬರನ ಬಟ್ಟಲು ಎದೆಯನ್ನು ಕಚ್ಚಿ ಮೇಲೆತ್ತಿದ್ದಕ್ಕೆ ಲೂರಿ ಅಷ್ಟು ಬೆಲೆ ಕೊಟ್ಟದ್ದು ಇದಕ್ಕೇ.

ನಡುವೆ ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಊರಿನ ಕೈಪಂಪು ಸಾಕು. ಸವೆದ ವಾಷರಿನ ಕೈಪಂಪಿನಲ್ಲಿ ಎರಡು ಗಳಿಗೆ ಕೈಬಿಟ್ಟರೆ ನೀರು ಪೈಪಿನೊಳಗೆ ಇಳಿದುಬಿಡುತ್ತದೆ. ಮತ್ತೆ ಎಂಟು-ಹತ್ತು ಸಲ ಖಾಲಿ ಹೊಡೆದ ಮೇಲೇ ಕೊಡಕ್ಕೆ ನೀರು. ಹೃದಯದ ನಾಳಗಳಲ್ಲಿ ಒತ್ತಡ ಸುಮಾರು 15 ಮಿ.ಮೀ. ಪಾದರಸಕ್ಕಿಂತ ಕೆಳಗಿದ್ದರೆ ಹೃದಯ ಮತ್ತೆ ಹೊಡೆದುಕೊಳ್ಳುವ ಆಸೆ ಕಡಿಮೆ. ಆ ಒತ್ತಡ ಕಟ್ಟಲು ಹಲವು ಒತ್ತುಗಳು ಬೇಕು, ಬೀಳಲು ಒಂದು ಸಣ್ಣ ಬಿಡುವು ಸಾಕು. ಎಷ್ಟೇ ಚೆನ್ನಾಗಿ ಮಾಡಿದರೂ ಸಿಪಿಆರ್ ಹರಿಸುವ ರಕ್ತ ಮಾಮೂಲಿನ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು. ಅದರಲ್ಲೂ ಸೋರಿದರೆ ಉಳಿಯುವುದೇನು? ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಎಂಬ ನಿಯಮ ಇದರಿಂದಲೇ ಬಂದದ್ದು.

ದಣಿಯದ ಯಂತ್ರದ ಆಸೆ ಹುಟ್ಟಲು ತಡವಾಗಲಿಲ್ಲ. 1960ರ ದಶಕದಲ್ಲೇ ಮಿಷಿಗನ್‌ನಲ್ಲಿ ಗಾಳಿಯ ಒತ್ತಡದಿಂದ ಪಿಸ್ಟನ್ ಕುಟ್ಟುವ 'ಥಂಪರ್' ಬಂತು. ಆಮೇಲೆ ಬಂದ 'ಆಟೋಪಲ್ಸ್' ಕುಟ್ಟುವುದಿಲ್ಲ, ಎದೆಗೆ ಸುತ್ತಿದ ಅಗಲವಾದ ಪಟ್ಟಿಯನ್ನು ಬಿಗಿದು ಸಡಿಲಿಸುತ್ತದೆ. ನಾನು ಇಲ್ಲಿ ಬಿಡಿಸಿ ನೋಡಬೇಕೆಂದಿರುವುದು ಸ್ವೀಡನ್ನಿನ ಲುಂಡ್ ಪಟ್ಟಣದ 'ಲ್ಯೂಕಾಸ್' ಅನ್ನು. ಕಲ್ಪನೆ ನಾರ್ವೆಯ ವಿಲ್ಲಿ ವಿಸ್ಟುಂಗ್ ಅವರದು. ಲುಂಡ್ ವಿಶ್ವವಿದ್ಯಾಲಯದ ಹೃದಯ ಶಸ್ತ್ರವೈದ್ಯ ಸ್ಟಿಗ್ ಸ್ಟೀನ್ ಅದನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಮೊದಲ ಮಾದರಿ ಸಿಲಿಂಡರಿನ ಗಾಳಿಯಿಂದ ಓಡುತ್ತಿತ್ತು. ಈಗಿನದು ಬ್ಯಾಟರಿಯದು, ಒಂದು ಬ್ಯಾಟರಿಗೆ ಸುಮಾರು 45 ನಿಮಿಷ.

ಇದನ್ನು ಹಾಕುವ ರೀತಿ ಹೀಗೆ. ಒಬ್ಬರು ಕೈಯಲ್ಲಿ ಒತ್ತುತ್ತಿರುವಾಗಲೇ ಇನ್ನೊಬ್ಬರು ರೋಗಿಯ ಬೆನ್ನಿನಡಿ ತೆಳುವಾದ ಹಲಗೆ ತೂರಿಸುತ್ತಾರೆ. ಅದರ ಎರಡು ಬದಿಗೆ ಕಮಾನಿನಂಥ ಯಂತ್ರದ ಕಾಲುಗಳು ಟಕ್ಕೆಂದು ಕೂರುತ್ತವೆ. ಕಮಾನಿನ ನಡುವಿನಿಂದ ಪಿಸ್ಟನ್ ಇಳಿಯುತ್ತದೆ. ಅದರ ತುದಿಯಲ್ಲಿ, ಹೌದು, ಅದೇ ರಬ್ಬರ್ ಬಟ್ಟಲು! ಒಂದನೇ ಗುಂಡಿಯಿಂದ ಬಟ್ಟಲನ್ನು ಎದೆಗೆ ತಾಗಿಸುವುದು, ಎರಡನೆಯದರಿಂದ ಆ ಜಾಗವನ್ನು ಕಾಯಂ ಮಾಡುವುದು, ಮೂರನೆಯದು ಒತ್ತಿದರೆ ಕೆಲಸ ಶುರು: ನಿಮಿಷಕ್ಕೆ ಸುಮಾರು 102, ಆಳ ಸುಮಾರು 5.3 ಸೆಂ.ಮೀ., ಪ್ರತಿ ಸಲವೂ ಎದೆ ಮೊದಲಿನ ಎತ್ತರಕ್ಕೆ ಮರಳುವಂತೆ. ರೋಗಿಯ ಮಣಿಕಟ್ಟುಗಳನ್ನು ಯಂತ್ರದ ಕಾಲುಗಳಿಗೇ ಪಟ್ಟಿಯಿಂದ ಕಟ್ಟುತ್ತಾರೆ, ಮೆಟ್ಟಿಲಿಳಿಸುವಾಗ ಕೈ ಜೋತು ಬೀಳದಿರಲೆಂದು. ಬಟ್ಟಲಿನ ಸುತ್ತ ಎದೆಯ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯುವುದೂ ಉಂಟು. ಇದು ಬಾಲಿಶವಾಗಿ ಕಾಣಬಹುದು. ಆದರೆ ಯಂತ್ರ ಒಂದೆರಡು ಇಂಚು ಹೊಟ್ಟೆಯ ಕಡೆ ಜಾರಿದರೆ ಅದೇ ನಿಷ್ಠೆಯಿಂದ ಪಿತ್ತಜನಕಾಂಗವನ್ನು ಕುಟ್ಟುತ್ತದೆ.

ದಣಿಯದ, ಲೆಕ್ಕ ತಪ್ಪದ, ಎದೆ ಬಿಡಲು ಮರೆಯದ ಯಂತ್ರ. ಹೆಚ್ಚು ಜನ ಬದುಕಲೇಬೇಕಲ್ಲವೇ? ನಾನೂ ಹಾಗೇ ಎಣಿಸಿದ್ದೆ. 2014ರಲ್ಲಿ ಪ್ರಕಟವಾದ 'ಲಿಂಕ್' ಅಧ್ಯಯನದಲ್ಲಿ ಸ್ವೀಡನ್, ಬ್ರಿಟನ್, ನೆದರ್ಲೆಂಡ್ಸ್‌ಗಳ 2589 ರೋಗಿಗಳಿದ್ದರು. ನಾಲ್ಕು ಗಂಟೆಯ ನಂತರ ಜೀವ ಇದ್ದವರು ಯಂತ್ರದ ಗುಂಪಿನಲ್ಲಿ ಶೇ 23.6, ಕೈಯ ಗುಂಪಿನಲ್ಲಿ ಶೇ 23.7. ಮರುವರ್ಷ ಬ್ರಿಟನ್ನಿನ 'ಪ್ಯಾರಾಮೆಡಿಕ್' ಅಧ್ಯಯನದ 4471 ರೋಗಿಗಳಲ್ಲಿ 30 ದಿನ ಉಳಿದವರು ಯಂತ್ರದ ಕಡೆ ಶೇ 6, ಕೈಯ ಕಡೆ ಶೇ 7. ಪಟ್ಟಿ ಬಿಗಿಯುವ ಯಂತ್ರದ ಒಂದು ಅಧ್ಯಯನವನ್ನಂತೂ ಫಲಿತಾಂಶ ಕೆಟ್ಟದಾಗಿ ಬರುತ್ತಿದೆಯೆಂದು ನಡುವೆಯೇ ನಿಲ್ಲಿಸಿ, 2006ರಲ್ಲಿ ವರದಿ ಮಾಡಿದರು.

ಯಂತ್ರ ಸೋತದ್ದು ಎಲ್ಲಿ? ಕೂಡಿಸುವ ಹೊತ್ತಿನಲ್ಲಿ ಎಂದು ನನ್ನ ಅಂದಾಜು. ಹಲಗೆ ತೂರಿಸಿ, ಕಾಲು ಕೂಡಿಸಿ, ಬಟ್ಟಲು ಇಳಿಸುವುದರಲ್ಲಿ ಕೈ ನಿಂತರೆ ಕೈಪಂಪಿನ ನೀರು ಇಳಿದಂತೆಯೇ. ದಿನಾ ಅಭ್ಯಾಸ ಮಾಡುವ ತಂಡ ಆ ಬಿಡುವನ್ನು ಕೆಲವೇ ಸೆಕೆಂಡುಗಳಿಗೆ ಇಳಿಸುತ್ತದೆ, ವರ್ಷಕ್ಕೊಮ್ಮೆ ಪೆಟ್ಟಿಗೆ ತೆರೆಯುವ ತಂಡ ತಡಕಾಡುತ್ತದೆ. ಮೇಲಾಗಿ ಆಂಬುಲೆನ್ಸ್ ಬರುವ ಮುಂಚಿನ ನಿಮಿಷಗಳು ಯಂತ್ರದ ಕೈಗೆ ಸಿಗುವುದೇ ಇಲ್ಲ. ಅವು ಅಕ್ಕಪಕ್ಕದವರ ಕೈಯಲ್ಲಿವೆ. ಭಾರತೀಯ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಜನಸಾಮಾನ್ಯರಿಗಾಗಿ ಹೊರತಂದ ಮಾರ್ಗಸೂಚಿ ಬಾಯಿಗೆ ಬಾಯಿಟ್ಟು ಊದುವುದನ್ನು ಕೈಬಿಟ್ಟು ಎದೆ ಒತ್ತುವುದನ್ನಷ್ಟೇ ಹೇಳುತ್ತದೆ. ಊದಲು ಹಿಂಜರಿದು ಜನ ಒತ್ತುವುದನ್ನೂ ಬಿಡುತ್ತಾರೆ ಎಂಬುದನ್ನು ಬಲ್ಲವರ ಬರಹ ಅದು. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಒತ್ತುತ್ತಿರಬೇಕು, ಅಷ್ಟೆ.

ಎಲ್ಲ ರೋಗಿಗಳಿಗೂ ಯಂತ್ರ ಬೇಡ, ಕೈ ಸಾಲದ ಕಡೆ ಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಕೈ ಸಾಲದಿರುವುದು ಹೇಗೆಂದು ನೋಡಲು ಮಿನ್ನೆಸೋಟದ ಗುಡ್‌ಹ್ಯೂ ಎಂಬ ಪುಟ್ಟ ಊರಿಗೆ ಹೋಗಬೇಕು. 2011ರ ಜನವರಿಯ ಚಳಿಯಲ್ಲಿ ದಿನಸಿ ಅಂಗಡಿಯ ಮುಂದೆ ಒಬ್ಬರು ಕುಸಿದರು. ಊರಿನ ಸ್ವಯಂಸೇವಕರು, ಅಗ್ನಿಶಾಮಕದವರು, ಪೊಲೀಸರು, ಇಪ್ಪತ್ತಕ್ಕೂ ಹೆಚ್ಚು ಜನ ಸಾಲಾಗಿ ನಿಂತು ಸರದಿಯ ಮೇಲೆ ಒತ್ತಿದರು, 96 ನಿಮಿಷ. ಆ ಮನುಷ್ಯ ಬದುಕಿ ಮನೆಗೆ ಹೋದರು. ಓಡುವ ಆಂಬುಲೆನ್ಸಿನಲ್ಲಿ ಅಂಥ ಸಾಲು ನಿಲ್ಲಿಸಲು ಜಾಗವೆಲ್ಲಿ? ಹಂಪಿನ ಮೇಲೆ ಹಾರುವ ಗಾಡಿಯಲ್ಲಿ ಬೆಲ್ಟಿಲ್ಲದೆ ನಿಂತು ಒತ್ತುವವರ ಕೈ ಎದೆಗಿಂತ ಹೆಚ್ಚಾಗಿ ಸರಳನ್ನು ಹುಡುಕುತ್ತದೆ. ಆಂಜಿಯೋಪ್ಲಾಸ್ಟಿ ಕೋಣೆಯಲ್ಲಿ ಎಕ್ಸ್-ರೇ ಕಿರಣದ ಕೆಳಗೆ ಕೈ ಇಡುವಂತಿಲ್ಲ, ಯಂತ್ರ ಇಡಬಹುದು. ಅದು ಕುಟ್ಟುತ್ತಿರುವಾಗಲೇ ಕಟ್ಟಿಕೊಂಡ ನಾಳ ತೆರೆದ ಉದಾಹರಣೆಗಳಿವೆ.

ಗುಡ್‌ಹ್ಯೂನಲ್ಲಿ 96 ನಿಮಿಷ ಯಾರೂ ಕೈಬಿಡದಿರಲು ಒಂದು ಪುಟ್ಟ ಮಾಪಕ ಕಾರಣವಾಯಿತು. ಉಸಿರಿನ ಕೊಳವೆಗೆ ಜೋಡಿಸುವ ಅದು ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತದೆ. ರಕ್ತ ಹರಿದರೆ ತಾನೇ ಆ ಅನಿಲ ಶ್ವಾಸಕೋಶಕ್ಕೆ ಬರುವುದು? ಅಂಕಿ 10ರ ಕೆಳಗೇ ಇದ್ದರೆ ಒತ್ತಿದ್ದು ಸಾಲುತ್ತಿಲ್ಲ. ತಟ್ಟನೆ ಮೇಲೆ ಜಿಗಿದರೆ ಹೃದಯ ತಾನೇ ಹೊಡೆದುಕೊಂಡಿರಬಹುದು. ಇಂಥವೆಲ್ಲ ಸೇರಿ ಉನ್ನತ ಜೀವರಕ್ಷಣೆ ಎನಿಸಿಕೊಳ್ಳುತ್ತವೆ. ಮೂರರಿಂದ ಐದು ನಿಮಿಷಕ್ಕೊಮ್ಮೆ 1 ಮಿ.ಗ್ರಾಂ. ಅಡ್ರಿನಲಿನ್, ಮೂರು ಶಾಕಿಗೂ ಬಗ್ಗದಿದ್ದರೆ 300 ಮಿ.ಗ್ರಾಂ. ಅಮಿಯೊಡರೋನ್. ಸಿನಿಮಾದಲ್ಲಿ ಸೂಜಿ ಚುಚ್ಚಿದೊಡನೆ ರೋಗಿ ಕಣ್ಣು ಬಿಡುತ್ತಾನೆ. ಬ್ರಿಟನ್ನಿನಲ್ಲಿ 8014 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 30 ದಿನ ಬದುಕಿದವರು ಅಡ್ರಿನಲಿನ್ ಪಡೆದವರಲ್ಲಿ ಶೇ 3.2, ಬರೀ ಸಲೈನ್ ಪಡೆದವರಲ್ಲಿ ಶೇ 2.4. ಔಷಧಿಗಿಂತ ನನಗೆ ದೊಡ್ಡದಾಗಿ ಕಾಣುವುದು ಕಾರಣ ಹುಡುಕುವ ಕೆಲಸ: ರಕ್ತ ಸೋರಿದೆಯೇ, ಪೊಟ್ಯಾಸಿಯಂ ಏರಿದೆಯೇ, ಶ್ವಾಸಕೋಶದ ನಾಳದಲ್ಲಿ ಹೆಪ್ಪು ಕೂತಿದೆಯೇ, ವಿಷ ಸೇರಿದೆಯೇ. ಒತ್ತುವ ಸರದಿ ಯಾರದು ಎಂದು ಕೂಗಾಡುವ ಕೋಣೆಯಲ್ಲಿ ಇಷ್ಟು ಯೋಚಿಸುವುದು ಕಷ್ಟ. ಯಂತ್ರ ಕುಟ್ಟುತ್ತಿದ್ದರೆ ಒಂದು ಜೊತೆ ಕೈಯ ಜೊತೆ ಒಂದು ತಲೆಯೂ ಬಿಡುವಾಗುತ್ತದೆ.

ಒಂದು ವಿಲಕ್ಷಣ ಸಂಗತಿ ಹೇಳದೆ ಮುಗಿಸಲಾರೆ. ಯಂತ್ರ ಕೆಲವರ ಮಿದುಳಿಗೆ ಎಷ್ಟು ಚೆನ್ನಾಗಿ ರಕ್ತ ಹರಿಸುತ್ತದೆಂದರೆ, ಹೃದಯ ನಿಂತೇ ಇರುವಾಗ ಅವರು ಕಣ್ಣು ತೆರೆಯುತ್ತಾರೆ, ನರಳುತ್ತಾರೆ, ಎದೆಯ ಮೇಲಿನ ಯಂತ್ರವನ್ನು ತಳ್ಳಲು ಕೈ ಎತ್ತುತ್ತಾರೆ. ಬದುಕಿದ್ದಾರೆಂದು ಯಂತ್ರ ನಿಲ್ಲಿಸಿದರೆ ನಾಡಿ ಸಿಗುವುದಿಲ್ಲ, ಕಣ್ಣು ಮುಚ್ಚುತ್ತದೆ, ಕೈ ಬೀಳುತ್ತದೆ. ಮತ್ತೆ ಶುರು ಮಾಡಿದರೆ ಮತ್ತೆ ಕೈ ಏಳುತ್ತದೆ. ಇಂಥವರಿಗೆ ನೋವು ತಿಳಿಯದಂತೆ ನಿದ್ದೆಯ ಔಷಧಿ ಕೊಡಬೇಕು, ಆದರೆ ಅದು ಇರುವ ಅಲ್ಪ ರಕ್ತದೊತ್ತಡವನ್ನೂ ಇಳಿಸಿಬಿಡಬಹುದು. ಯಾವ ಔಷಧಿ, ಎಷ್ಟು, ಯಾವಾಗ ಎಂಬುದರಲ್ಲಿ ವೈದ್ಯರಿಗೆ ಇನ್ನೂ ಒಮ್ಮತವಿಲ್ಲ.