ಮೂಗು ಮುಚ್ಚುವ ಮಗು: ತಪ್ಪು ಕಲ್ಪನೆ ಮತ್ತು ವಾಸ್ತವ

ಮಗಳಿಗೆ ಎರಡು ವರ್ಷ ತುಂಬಿದ ಮೇಲೆ ನಮ್ಮ ಮನೆಯಲ್ಲಿ ಹೊಸದೊಂದು ಪಂಚಾಯಿತಿ ಶುರುವಾಯಿತು. ಇಂಗಿನ ಒಗ್ಗರಣೆ ಬಿದ್ದರೆ ಅಡುಗೆಮನೆಯಿಂದ ಓಟ. ಮೊಟ್ಟೆ ಬೇಯುತ್ತಿದ್ದರೆ ಓಕರಿಕೆ. ಅಜ್ಜಿ ಮಂಡಿಗೆ ಮುಲಾಮು ಹಚ್ಚಿಕೊಂಡ ದಿನ ಅವರ ತೊಡೆ ಏರುವುದಿಲ್ಲ. ಬಸ್ ನಿಲ್ದಾಣದ ಶೌಚಾಲಯದ ಬಾಗಿಲಲ್ಲೇ ನಿಂತು ಚೀರಾಟ. ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಹೇಳಿದರು, ಒಂದೊಂದು ಮದ್ದೂ ಹೇಳಿದರು. ನಾವು ಹೆಚ್ಚುಕಡಿಮೆ ಎಲ್ಲವನ್ನೂ ನಂಬಿದೆವು, ಕೆಲವನ್ನು ಮಾಡಿಯೂ ನೋಡಿದೆವು. ಆಮೇಲೆ ಓದಿ, ಕೇಳಿ, ಎಡವಿ ತಿದ್ದಿಕೊಂಡದ್ದು ಇಷ್ಟು.

ತಪ್ಪು ಕಲ್ಪನೆ: ಇದು ಬರೀ ಹಠ. ಮುದ್ದು ಹೆಚ್ಚಾದ ಮಕ್ಕಳು ಹೀಗೆ ನಾಟಕ ಆಡುತ್ತಾರೆ. ಎರಡು ಸಲ ಗದರಿದರೆ ತಾನಾಗಿ ಸರಿಹೋಗುತ್ತದೆ.

ವಾಸ್ತವ: ಓಕರಿಕೆ ಸೀನು, ಕೆಮ್ಮಿನ ಹಾಗೆ ತಾನಾಗಿ ಬರುವಂಥದ್ದು, ಗದರಿಕೆಗೆ ಅದು ಬಗ್ಗುವುದಿಲ್ಲ. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮೊದಲು ಮಿದುಳಿನ ಥಾಲಮಸ್ ಎಂಬ ಠಾಣೆಗೆ ಹೋಗಿ ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ಮೂಗಿನ ಸುದ್ದಿಗೆ ಆ ಠಾಣೆ ಬೇಕಿಲ್ಲ. ಭಯ, ಹೇಸಿಗೆಗಳಿಗೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗಕ್ಕೆ ಅದು ಒಳದಾರಿಯಲ್ಲೇ ತಲುಪುತ್ತದೆ. ಅದಕ್ಕೇ ಯಾವ ವಾಸನೆ ಎಂದು ಗೊತ್ತಾಗುವ ಮೊದಲೇ ಮುಖ ಕಿವುಚುತ್ತದೆ. ದೊಡ್ಡವರಿಗೂ ಹಾಗೇ. ನಮಗಾದರೆ ಕರವಸ್ತ್ರ ಇದೆ, ಎದ್ದು ಹೋಗುವ ಸ್ವಾತಂತ್ರ್ಯವಿದೆ. ಮಗುವಿಗೆ ಇರುವುದು ಚೀರಾಟ ಒಂದೇ.

ಹಠ ಬೆರೆಯುವುದೇ ಇಲ್ಲ ಎಂದಲ್ಲ. ಮೂಗು ಮುಚ್ಚಿದರೆ ಊಟ ತಪ್ಪುತ್ತದೆ ಎಂಬುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಬೇರ್ಪಡಿಸಿ ನೋಡುವ ಉಪಾಯವೊಂದಿದೆ: ತನಗೆ ಯಾವ ಲಾಭವೂ ಇಲ್ಲದ ಕಡೆಯಲ್ಲೂ ಮಗು ಹಾಗೇ ಮಾಡುತ್ತದೆಯೇ? ನಮ್ಮವಳು ಪಕ್ಕದ ಮನೆಯಲ್ಲಿ ಬೇಯುವ ಮೊಟ್ಟೆಗೂ ಓಡುತ್ತಿದ್ದಳು. ಅದನ್ನು ಅವಳಿಗೆ ಉಣಿಸುವವರು ಯಾರೂ ಇರಲಿಲ್ಲ.

ತಪ್ಪು ಕಲ್ಪನೆ: ಮಗುವಿಗೆ ದೃಷ್ಟಿ ತಗುಲಿದೆ. ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ನಿವಾಳಿಸಿ ಕೆಂಡಕ್ಕೆ ಹಾಕಿದಾಗ ಘಾಟು ಬರದಿದ್ದರೆ ದೃಷ್ಟಿ ಇದ್ದದ್ದು ಖಂಡಿತ.

ವಾಸ್ತವ: ನಿವಾಳಿಸುವ ಅಜ್ಜಿಯ ಕೈಯಲ್ಲಿರುವ ಅಕ್ಕರೆಯನ್ನು ಗೇಲಿ ಮಾಡುವ ಮನಸ್ಸು ನಮಗಿಲ್ಲ. ಆದರೆ ಘಾಟಿನ ಲೆಕ್ಕವೇ ಬೇರೆ. ನಿಜ ಹೇಳಬೇಕೆಂದರೆ ಘಾಟು ವಾಸನೆಯೇ ಅಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕಣ್ಣು, ಮೂಗು, ಗಂಟಲಲ್ಲಿ ಹರಡಿರುವ ನೋವಿನ ನರಗಳನ್ನು ಕೆಣಕುತ್ತದೆ. ವಾಸನೆ ಹಿಡಿಯುವ ನರ ಬೇರೆ, ಅದು ಮೂಗಿನ ಮೇಲ್ಛಾವಣಿಯಲ್ಲಿದೆ. ಬೆಂಕಿ ಭಗ್ಗನೆ ಉರಿಯುತ್ತಿದ್ದರೆ ಮೆಣಸಿನಕಾಯಿ ಪೂರ್ತಿ ಸುಟ್ಟುಹೋಗಿ ಘಾಟು ಕಡಿಮೆ. ಮಂದ ಕೆಂಡದಲ್ಲಿ ಕಮರಿದರೆ ಮನೆಮಂದಿಗೆಲ್ಲ ಕೆಮ್ಮು. ಕಿಟಕಿ ತೆರೆದಿತ್ತೇ, ಗಾಳಿ ಯಾವ ಕಡೆಗಿತ್ತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಒಲೆ, ಮಗುವಲ್ಲ.

ವಾಸನೆಗೆ ಅಂಜುವ ಮಗುವನ್ನೇ ಮೆಣಸಿನ ಹೊಗೆಯ ಮುಂದೆ ಕೂರಿಸುವುದು ಯಾವ ನ್ಯಾಯ ಎಂದು ನಾವು ಕೇಳಿದೆವು. ಅತ್ತೆಯವರಿಗೆ ಅದು ಸರಿ ಎನಿಸಿತು. ಈಗ ನಿವಾಳಿಸುವುದು ಒಳಗೆ, ಸುಡುವುದು ಹಿತ್ತಿಲಲ್ಲಿ. ಎಣ್ಣೆನೀರಾದ ಮೇಲೆ ಹಿಡಿಯುವ ಸಾಂಬ್ರಾಣಿ ಹೊಗೆಗೂ ಇದೇ ಮಾತು. ಕೂದಲು ಒಣಗಲು ಮೆತ್ತನೆಯ ಟವೆಲ್ಲು ಸಾಕು. ಯಾವ ಹೊಗೆಯಾದರೂ ಎಳೆಯ ಶ್ವಾಸಕೋಶಕ್ಕೆ ಹೊಗೆಯೇ.

ತಪ್ಪು ಕಲ್ಪನೆ: ಇದು ಪೂರ್ವಜನ್ಮದ ವಾಸನೆ. ಹಿಂದಿನ ಜನ್ಮದಲ್ಲಿ ಬೆಳ್ಳುಳ್ಳಿ, ಮೀನು ಮುಟ್ಟದ ಜೀವ ಈ ಜನ್ಮದಲ್ಲೂ ಮುಟ್ಟುವುದಿಲ್ಲ.

ವಾಸ್ತವ: ಪೂರ್ವಜನ್ಮದವರೆಗೆ ಹೋಗುವುದೇಕೆ, ಹುಟ್ಟುವ ಮುಂಚಿನ ಒಂಬತ್ತು ತಿಂಗಳನ್ನು ನೋಡಿದರೇ ಸಾಕಷ್ಟು ವಿಷಯವಿದೆ. ಗರ್ಭದ ಕೊನೆಯ ತಿಂಗಳುಗಳಲ್ಲೇ ಮಗುವಿನ ಮೂಗು ಕೆಲಸ ಶುರು ಮಾಡಿರುತ್ತದೆ. 1995ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ, ಬೆಳ್ಳುಳ್ಳಿ ಕ್ಯಾಪ್ಸೂಲು ನುಂಗಿದ ಗರ್ಭಿಣಿಯರ ಗರ್ಭಜಲವನ್ನು ಮೂಸಿ ನೋಡಿದವರು ಹೆಚ್ಚಿನ ಸಲ ಬೆಳ್ಳುಳ್ಳಿಯನ್ನು ಗುರುತಿಸಿಬಿಟ್ಟರು. ಬಸಿರಿನಲ್ಲಿ ಇಲ್ಲವೇ ಬಾಣಂತನದಲ್ಲಿ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಮುಂದೆ ಕ್ಯಾರೆಟ್ ಬೆರೆಸಿದ ಊಟಕ್ಕೆ ಕಡಿಮೆ ಮುಖ ಕಿವುಚಿದರು ಎಂದು 2001ರ ಇನ್ನೊಂದು ಅಧ್ಯಯನ ಹೇಳಿತು. ಇದರಿಂದ ತಾಯಿಯನ್ನು ದೂರುವವರಿಗೆ ಹೊಸ ನೆಪ ಸಿಗಬಾರದು. ಪರಿಚಯದ ವಾಸನೆ ಸುಲಭವಾಗಿ ಒಗ್ಗುತ್ತದೆ ಎಂಬಷ್ಟನ್ನೇ ಈ ಅಧ್ಯಯನಗಳು ಹೇಳುವುದು. ಒಗ್ಗದ್ದಕ್ಕೆಲ್ಲ ತಾಯಿಯ ಪಥ್ಯ ಕಾರಣ ಎಂದಲ್ಲ.

ಹುಟ್ಟಿನಿಂದ ಬರುವ ವ್ಯತ್ಯಾಸವೂ ಇದೆ. ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಇಬ್ಬರೂ 1991ರಲ್ಲಿ ವಾಸನೆ ಹಿಡಿಯುವ ಗ್ರಾಹಕಗಳ ಜೀನ್‌ಗಳನ್ನು ಪತ್ತೆ ಮಾಡಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯರಲ್ಲಿ ಕೆಲಸ ಮಾಡುವ ಗ್ರಾಹಕಗಳು ಸುಮಾರು 400 ಬಗೆ. ಅವುಗಳ ಜೀನ್‌ಗಳು ಒಬ್ಬರಿಂದೊಬ್ಬರಿಗೆ ಬೇರೆ. ನಮಗೆ ಘಮ್ಮೆನ್ನುವುದು ಮಗುವಿಗೆ ನಾತ ಹೊಡೆದರೆ ಅದು ಸುಳ್ಳು ಹೇಳುತ್ತಿದೆ ಎಂದಲ್ಲ. ಹಲಸಿನ ಹಣ್ಣು ಬಿಡಿಸಿದಾಗ ಒಬ್ಬರು ಬಾಯಿ ಚಪ್ಪರಿಸಿದರೆ ಇನ್ನೊಬ್ಬರು ಜಗಲಿಗೆ ಹೋಗುವುದನ್ನು ನೋಡದವರುಂಟೇ?

ತಪ್ಪು ಕಲ್ಪನೆ: ಕೆಟ್ಟ ವಾಸನೆಗೆ ಒಳ್ಳೆಯ ವಾಸನೆಯೇ ಮದ್ದು. ಊದುಬತ್ತಿ ಹಚ್ಚಿ, ರೂಮ್ ಫ್ರೆಶ್ನರ್ ಹೊಡೆಯಿರಿ, ಫಿನಾಯಿಲ್ ಸುರಿಯಿರಿ, ಮಗುವಿನ ಅಂಗಿಗೆ ಕರ್ಪೂರ ಕಟ್ಟಿರಿ.

ವಾಸ್ತವ: ನಾವು ಅತಿ ಹೆಚ್ಚು ದುಡ್ಡು ಸುರಿದದ್ದು ಈ ತಪ್ಪಿಗೆ. ಸುಗಂಧ ದುರ್ಗಂಧವನ್ನು ಓಡಿಸುವುದಿಲ್ಲ, ಅದರ ಪಕ್ಕದಲ್ಲಿ ಬಂದು ಕೂರುತ್ತದೆ. ಸೂಕ್ಷ್ಮ ಮೂಗಿನ ಮಗುವಿಗೆ ಒಂದರ ಬದಲು ಎರಡು ಕಾಟ. ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಉರಿಸಿದರೆ ಹೊಗೆಯ ಸೂಕ್ಷ್ಮ ಕಣಗಳು ಗಾಳಿಯಲ್ಲಿ ತುಂಬುತ್ತವೆ. ಉಬ್ಬಸದ ಮಕ್ಕಳಿಗೆ ಇದು ಖಂಡಿತ ಆಗದು. ಕರ್ಪೂರವನ್ನು ಪುಟ್ಟ ಮಕ್ಕಳು ಸಕ್ಕರೆ ಎಂದು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರಬಹುದು. ಬಟ್ಟೆಯ ಕಪಾಟಿನ ಡಾಂಬರು ಗುಳಿಗೆಯೂ ಅಷ್ಟೇ ಅಪಾಯದ್ದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದರ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಇನ್ನು ಬಚ್ಚಲಿನ ನಾತ ತಡೆಯಲಾರದೆ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ಅವೆರಡೂ ಸೇರಿದರೆ ಏಳುವುದು ಕ್ಲೋರಿನ್, ವಿಷಾನಿಲ.

ಕೆಲಸಕ್ಕೆ ಬಂದದ್ದು ಯಾವ ಅಂಗಡಿಯಲ್ಲೂ ಸಿಗದಂಥವು. ಕಸದ ಬುಟ್ಟಿಗೆ ಮುಚ್ಚಳ, ರಾತ್ರಿಗೆ ಮೊದಲು ಖಾಲಿ. ಒಗ್ಗರಣೆಗೆ ಮುಂಚೆಯೇ ಕಿಟಕಿ ತೆರೆದು ಫ್ಯಾನು ಹಾಕುವುದು. ಘಾಟೆದ್ದ ಮೇಲೆ ಹಾಕಿದರೆ ಅದು ಹಾಲಿಗೆಲ್ಲ ಹರಡುತ್ತದೆ. ಊಟ ಆರಿಸಿ ಕೊಡುವುದು, ಏಕೆಂದರೆ ಬಿಸಿ ಇದ್ದಷ್ಟೂ ಆವಿಯಾಗುವ ವಾಸನೆ ಹೆಚ್ಚು. ಕಾರಿನ ಸುಗಂಧದ ಡಬ್ಬಿಯನ್ನು ಕಿತ್ತೆಸೆದದ್ದೇ ನಮ್ಮ ಅರ್ಧ ಪ್ರಯಾಣದ ವಾಂತಿ ನಿಲ್ಲಿಸಿತು. ಉಳಿದರ್ಧ ವಾಸನೆಯದ್ದಾಗಿರಲಿಲ್ಲ: ಪ್ರಯಾಣದ ವಾಂತಿ ಎರಡು ವರ್ಷದೊಳಗೆ ಅಪರೂಪ, ಆಮೇಲೆ ಹನ್ನೆರಡರವರೆಗೆ ಸಾಮಾನ್ಯ. ಕೈಗೆ ನಿಂಬೆಹಣ್ಣು ಕೊಡುವ ರೂಢಿಗೆ ನಮ್ಮ ತಕರಾರಿಲ್ಲ. ಮೂಸುವುದೋ ಬಿಡುವುದೋ ಮಗುವಿನ ಕೈಯಲ್ಲೇ ಇರುತ್ತದಲ್ಲ, ಅದೇ ಅದರ ಗುಣ. ಅಮ್ಮನ ಹಳೇ ಸೀರೆಯ ತುಂಡೂ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ತಪ್ಪು ಕಲ್ಪನೆ: ಒತ್ತಾಯ ಮಾಡಿ ಅಲ್ಲೇ ನಿಲ್ಲಿಸಿದರೆ ಅಭ್ಯಾಸವಾಗುತ್ತದೆ.

ವಾಸ್ತವ: ಅರ್ಧ ನಿಜ. ಮೂಗಿಗೆ ಬೇಗ ಮರೆವು. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಅದು ಗೊತ್ತಾಗುವುದೇ ಕಡಿಮೆ. ಹೊಸ ತಿಂಡಿಯನ್ನು ಹತ್ತು ಹದಿನೈದು ಸಲ ಒತ್ತಾಯವಿಲ್ಲದೆ ಎದುರಿಗಿಟ್ಟರೆ ಅನೇಕ ಮಕ್ಕಳು ಒಗ್ಗಿಕೊಳ್ಳುತ್ತಾರೆ ಎಂಬುದೂ ಗೊತ್ತಿರುವ ವಿಷಯ. ಆದರೆ ಹೆದರಿ ಅಳುತ್ತಿರುವ ಮಗುವನ್ನು ಹಿಡಿದು ನಿಲ್ಲಿಸಿದರೆ ಅದು ಕಲಿಯುವುದು ವಾಸನೆಯನ್ನಲ್ಲ, ಹೆದರಿಕೆಯನ್ನು. ಮುಂದಿನ ಸಲ ಬಾಗಿಲು ಕಂಡರೇ ಅಳು.

ಶೌಚಾಲಯದ ವಿಷಯದಲ್ಲಿ ಇದು ದುಬಾರಿಯಾಗುತ್ತದೆ. ನಾತಕ್ಕೆ ಹೆದರಿದ ಮಗು ಕಕ್ಕ ತಡೆಹಿಡಿಯುತ್ತದೆ. ತಡೆದದ್ದು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ನೋಯಿಸುತ್ತದೆ, ನೋವಿಗೆ ಹೆದರಿ ಮತ್ತೆ ತಡೆ. ಈ ಸುಳಿಗೆ ಸಿಕ್ಕಿದ ಮಗುವನ್ನು ಹೊರತರಲು ಡಾಕ್ಟರು ಕೊಟ್ಟ ಔಷಧಿಯೂ ವಾರಗಟ್ಟಲೆ ಬೇಕಾಗಬಹುದು.

ನಾವು ಹಿಡಿದ ದಾರಿ ನಿಧಾನದ್ದು. ಮೊದಲೇ ಹೇಳುವುದು: ಈಗ ಒಗ್ಗರಣೆ ಹಾಕ್ತೀವಿ, ಚಟಪಟ ಅನ್ನತ್ತೆ, ಘಾಟು ಬರತ್ತೆ, ನೀನು ಹಾಲಲ್ಲಿರ್ತೀಯೋ ಬಾಗಿಲ ಹತ್ತಿರ ನಿಲ್ತೀಯೋ? ಮೊದಲ ವಾರ ಅವಳು ಹಾಲಲ್ಲೇ ಇದ್ದಳು. ಆಮೇಲೆ ಹೊಸ್ತಿಲು. ಈಗ ಮೂಗು ಹಿಡಿದುಕೊಂಡೇ ಸಾಸಿವೆ ಸಿಡಿಯುವುದನ್ನು ಎಣಿಸುತ್ತಾಳೆ. ಎಣಿಕೆ ಮೂರರ ಮೇಲೆ ಯಾವಾಗಲೂ ತಪ್ಪು. ವಾಸನೆಗಳಿಗೆ ಹೆಸರು ಕೊಟ್ಟದ್ದೂ ಸಹಾಯಕ್ಕೆ ಬಂತು. ಕನ್ನಡದಲ್ಲಿ ಹೆಸರಿಗೇನು ಬರ: ಸೀದದ್ದು, ಹಳಸಿದ್ದು, ಕಮಟು, ಮುಗ್ಗಲು, ಹಸಿವಾಸನೆ. ಎಲ್ಲಕ್ಕೂ ಛೀ ಒಂದೇ ಎನ್ನುತ್ತಿದ್ದ ಮಗು ಸೀದದ್ದು ಎಂದು ಗುರುತಿಸಿದ ದಿನ ಅವಳ ಮುಖದಲ್ಲಿ ಹೆದರಿಕೆಗಿಂತ ಜಂಬವೇ ಹೆಚ್ಚಿತ್ತು. ಅಂದಹಾಗೆ ಆ ಛೀ ಅವಳಿಗೆ ಎಲ್ಲಿಂದ ಬಂತೆಂದು ಹುಡುಕಿದರೆ ಸಿಕ್ಕವರು ನಾವೇ. ಡೈಪರ್ ಬದಲಿಸುವಾಗೆಲ್ಲ ಮುಖ ಸಿಂಡರಿಸಿ ಹಾಗೆನ್ನುತ್ತಿದ್ದೆವು. ಪುಟ್ಟ ಮಕ್ಕಳು ಹೇಸಿಗೆಯನ್ನು ಬಹುಮಟ್ಟಿಗೆ ದೊಡ್ಡವರ ಮುಖ ನೋಡಿಯೇ ಕಲಿಯುತ್ತಾರೆ.

ತಪ್ಪು ಕಲ್ಪನೆ: ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಮಕ್ಕಳಿಗೆ ಎಲ್ಲವೂ ವಾಸನೆ.

ವಾಸ್ತವ: ಜಂತುಹುಳದಿಂದ ಹೊಟ್ಟೆನೋವು, ರಕ್ತಹೀನತೆ ಬರಬಹುದು, ಮೂಗು ಚುರುಕಾಗುವುದಿಲ್ಲ. ವರ್ಷ ತುಂಬಿದ ಮಕ್ಕಳಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಅಂಗನವಾಡಿಯಲ್ಲೇ ಕೊಡುವ ಆಲ್ಬೆಂಡಜೋಲ್ ಹಾಕಿಸಿ, ಅದು ಬೇಕಾದದ್ದೇ. ಒಗ್ಗರಣೆಯ ಜಗಳಕ್ಕೆ ಅದು ಪರಿಹಾರವಲ್ಲ.

ತಪ್ಪು ಕಲ್ಪನೆ: ವಾಸನೆಗೆ ಇಷ್ಟು ಬೆಚ್ಚುವ ಮಗುವಿಗೆ ಆಟಿಸಂ ಇದ್ದೇ ಇರುತ್ತದೆ.

ವಾಸ್ತವ: ಹಳೇ ಕಾಲದ ದೃಷ್ಟಿಯ ಜಾಗದಲ್ಲಿ ಈಗ ಈ ಮಾತು ಬಂದು ಕೂತಿದೆ. ಒಂದು ರಾತ್ರಿ ಫೋನಿನಲ್ಲಿ ಹುಡುಕಿ ಹುಡುಕಿ ನಾವೇ ತೀರ್ಪು ಕೊಟ್ಟುಕೊಂಡು ನಿದ್ದೆಗೆಟ್ಟೆವು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ, ವಾಸನೆ, ಸದ್ದು, ಸ್ಪರ್ಶಗಳಿಗೆ ಅತಿಯಾಗಿ ಇಲ್ಲವೇ ತೀರಾ ಕಡಿಮೆ ಪ್ರತಿಕ್ರಿಯಿಸುವುದನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದ್ದು ನಿಜ. ಆದರೆ ಅದು ಹಲವು ಲಕ್ಷಣಗಳಲ್ಲಿ ಒಂದು. ಜನರೊಂದಿಗೆ ಬೆರೆಯುವುದರಲ್ಲಿ, ಮಾತು–ಸನ್ನೆಗಳ ಕೊಡುಕೊಳ್ಳುವಿಕೆಯಲ್ಲಿ ತೊಡಕಿಲ್ಲದೆ ಬರೀ ಮೂಗಿನ ಮೇಲೆ ಆ ತೀರ್ಮಾನಕ್ಕೆ ಬರುವಂತಿಲ್ಲ. ಇಂದ್ರಿಯಗಳ ಸೂಕ್ಷ್ಮತೆಗೆ ಪ್ರತ್ಯೇಕ ಕಾಯಿಲೆಯ ಹೆಸರಿಟ್ಟು ದುಬಾರಿ ಥೆರಪಿ ಮಾರುವವರೂ ಇದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಅಂಥ ಪ್ರತ್ಯೇಕ ರೋಗನಿರ್ಣಯ ಸಾಮಾನ್ಯವಾಗಿ ಬೇಡ, ಥೆರಪಿಗೆ ಆಧಾರ ಕಡಿಮೆ ಎಂದು ಹೇಳಿತ್ತು.

ಹಾಗಾದರೆ ಯಾವಾಗ ತೋರಿಸಬೇಕು? ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳಿಟ್ಟು ತೋರಿಸದಿದ್ದರೆ, ಬರುತ್ತಿದ್ದ ಮಾತು ನಿಂತುಹೋದರೆ, ವಾಸನೆಯ ಕಾರಣಕ್ಕೆ ಊಟ ನಾಲ್ಕೈದು ಪದಾರ್ಥಕ್ಕೆ ಇಳಿದು ತೂಕ ಏರದಿದ್ದರೆ ತಡ ಮಾಡಬಾರದು. ಮೊದಲು ಮಕ್ಕಳ ವೈದ್ಯರು. ಅಗತ್ಯ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಪಾಸಣೆ ಇದೆ.

ತಪ್ಪು ಕಲ್ಪನೆ: ಯಾರಿಗೂ ಬಾರದ ವಾಸನೆ ಮಗುವಿಗೆ ಬರುತ್ತಿದೆ ಎಂದರೆ ಅದು ಕಲ್ಪನೆ, ಇಲ್ಲವೇ ಗಾಳಿ ಸೋಕಿದೆ.

ವಾಸ್ತವ: ಮನೆಯ ವಾಸನೆ ಮನೆಯವರಿಗೆ ಗೊತ್ತಾಗುವುದಿಲ್ಲ, ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ವಯಸ್ಸಾದಂತೆ ವಾಸನೆಯ ಶಕ್ತಿಯೂ ಕುಗ್ಗುವುದರಿಂದ ಅಜ್ಜ ಅಜ್ಜಿಯರ ಸಾಕ್ಷಿ ಇಲ್ಲಿ ನಡೆಯದು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದು ಈಥೈಲ್ ಮರ್ಕ್ಯಾಪ್ಟಾನ್ ಬೆರೆಸುತ್ತಾರೆ. ನೂರು ಕೋಟಿ ಪಾಲು ಗಾಳಿಯಲ್ಲಿ ಅದು ಒಂದು ಪಾಲಿದ್ದರೂ ಮನುಷ್ಯರ ಮೂಗು ಹಿಡಿಯಬಲ್ಲದು. ಆದ್ದರಿಂದ ಮಗು ಅಡುಗೆಮನೆಯತ್ತ ಮೂಗು ಮುಚ್ಚಿದರೆ ಮೊದಲು ಸಿಲಿಂಡರಿನ ರೆಗ್ಯುಲೇಟರ್ ನೋಡಿ, ಗಾಳಿ ಸೋಕಿದ ಮಾತು ಆಮೇಲೆ. ಇನ್ನೊಂದು ಸಾಧ್ಯತೆ ಮಗುವಿನ ಮೂಗಿನೊಳಗೇ ಇರುತ್ತದೆ: ಕಡಲೆಕಾಳು, ಹುಣಸೆಬೀಜ, ಸ್ಪಂಜಿನ ಚೂರು. ಒಂದೇ ಹೊಳ್ಳೆಯಿಂದ ನಾತದ ಸಿಂಬಳ ಸೋರುತ್ತಿದ್ದರೆ ಅದೇ ಗುರುತು. ನೀವೇ ಕಡ್ಡಿ ಹಾಕಿ ಕೆದಕಬೇಡಿ. ಆಟಿಕೆಯ ಗುಂಡಿ ಬ್ಯಾಟರಿ ಹೋಗಿರಬಹುದೆಂಬ ಅನುಮಾನವಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ. ಅದು ಕೆಲವೇ ತಾಸಿನಲ್ಲಿ ಮೂಗಿನ ಒಳಗೋಡೆಯನ್ನು ಸುಡುತ್ತದೆ.

ಕಳೆದ ಬೇಸಿಗೆಯಲ್ಲಿ ಮಗಳು ಮೂರು ದಿನ ನೆಂಟರ ಕೋಣೆಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಂತು ವಾತ್ನೆ, ವಾತ್ನೆ ಎನ್ನುವಳು. ನಮಗ್ಯಾರಿಗೂ ಏನೂ ಬರಲಿಲ್ಲ. ಅತ್ತೆಯವರು ಕುಂಕುಮದ ನೀರು ಚಿಮುಕಿಸಿದರು, ನಾವು ಹಾಸಿಗೆ ಬಿಸಿಲಿಗೆ ಹಾಕಿದೆವು. ನಾಲ್ಕನೆಯ ದಿನ ಬೇರೆ ಕೆಲಸಕ್ಕೆ ಬಂದ ಪ್ಲಂಬರ್ ಆ ಕೋಣೆಯ ಬಚ್ಚಲಿಗೆ ಹೋಗಿ ಬಂದು ಕೇಳಿದ: ಇದನ್ನ ಬಳಸಿ ಎಷ್ಟು ದಿನ ಆಯ್ತು ಸಾರ್? ನೆಲದ ಜಾಲರಿಯ ಕೆಳಗೆ ಕೊಳವೆ ಬಾಗಿರುವಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕಂತೆ. ಚರಂಡಿಯ ಗಾಳಿ ಮೇಲೆ ಬಾರದಂತೆ ತಡೆಯುವುದು ಆ ನೀರೇ. ತಿಂಗಳುಗಟ್ಟಲೆ ಬಳಸದೆ ಅದು ಒಣಗಿತ್ತು. ಎರಡು ಚೊಂಬು ನೀರು ಸುರಿದು ಕಿಟಕಿ ತೆರೆದಿಟ್ಟೆವು. ಸಂಜೆ ಮಗಳು ಬಾಗಿಲಿಗೆ ಬಂದು ಎರಡು ಸಲ ಮೂಸಿ ನೋಡಿದಳು, ಒಳಗೆ ಹೋಗಿ ಮಂಚದ ಕೆಳಗಿದ್ದ ತನ್ನ ಚೆಂಡು ಎಳೆದುಕೊಂಡಳು.